ನಾಗಿಯ ಒಪ್ಪತ್ತು

ನಾಗಿಯ ಅಂಡಾಣುಗಳು ಎರಡಾಗುತ್ತಿದ್ದವು, ಒಮ್ಮೊಮ್ಮೆ ನಾಲ್ಕೂ ಆಗುತ್ತಿದ್ದವು, ಅಲ್ಲಿಗೆ ನಿಂತುಬಿಡುತ್ತಿದ್ದವು. ಬೆಳಿಗ್ಗೆ ಬಂದವಳೇ ಇನ್‌ಕ್ಯುಬೇಟರಿನ ಬಾಗಿಲು ತೆಗೆದು, ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ನಿನ್ನೆ ಹೇಗಿದ್ದವೋ ಇವತ್ತೂ ಹಾಗೇ ಕೂತಿರುತ್ತಿದ್ದವು. ಮರುದಿನ ಒಳಗೆಲ್ಲ ಕಪ್ಪು ಕಪ್ಪಾಗಿ ಉದುರಿಹೋಗುತ್ತಿದ್ದವು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಜಗಳೂರು ಕಡೆ ಹುಟ್ಟಿದವಳು, ಬಿಸಿಲಲ್ಲಿ ಬೆಳೆದವಳು, ಹಾಗಾಗಿ ಬೇಗ ಕಾಯುತ್ತೇನೆ ಎಂದು ನಮ್ಮ ಜೀಪಿನ ಡ್ರೈವರ್ ಚುಡಾಯಿಸುತ್ತಿದ್ದ.

ನಾಗಿ ಸಾಸ್ವೆಹಳ್ಳಿಯ ಒಂದು ಮನೆಯ ಎಮ್ಮೆ. ಆ ಮನೆಯ ಹಿರಿಯಾಕೆ ಮದುವೆಯಾಗಿ ಬಂದಾಗ ತವರಿನವರು ಬಳುವಳಿಯಾಗಿ ಒಂದು ಎಮ್ಮೆಗರು ಕೊಟ್ಟಿದ್ದರಂತೆ. ಅದರ ಮಗಳು, ಮೊಮ್ಮಗಳು ಎಂದು ಬಳ್ಳಿ ಹಬ್ಬಿ, ಕೊನೆಗೆ ಉಳಿದವಳು ನಾಗಿ ಒಬ್ಬಳೇ. ನಾಗಿಗೆ ಹುಟ್ಟಿದ್ದೆಲ್ಲ ಕೋಣಗರುಗಳು. ಕೊನೆಯ ಹೆರಿಗೆಯಲ್ಲಿ ಕಸ, ಅಂದರೆ ಮಾಸು, ಬೀಳದೆ ಗರ್ಭಕೋಶ ಕೆಟ್ಟು, ಇನ್ನು ಗಬ್ಬ ನಿಲ್ಲುವುದಿಲ್ಲ ಎಂದಾಗಿತ್ತು. ಆದರೆ ಅಂಡಾಶಯಗಳು ಗಟ್ಟಿಯಾಗಿದ್ದವು. ಒಳ್ಳೆಯ ಹಾಲಿನ ತಳಿಯ ಎಮ್ಮೆಗಳ ಅಂಡಾಣು ತೆಗೆದು, ಹೊರಗೆ ಬೆಳೆಸಿ, ಭ್ರೂಣವನ್ನು ಬೇರೆ ಎಮ್ಮೆಯ ಹೊಟ್ಟೆಗೆ ಸೇರಿಸುವ ಕೆಲಸಕ್ಕೆ ಚನ್ನಗಿರಿಯಲ್ಲಿ ನಮ್ಮದೊಂದು ಸಣ್ಣ ಪ್ರಯೋಗಾಲಯವಿತ್ತು. ಅದು ಹೇಗೋ ಆ ಹಿರಿಯಾಕೆಯ ಕಿವಿಗೆ ಬಿದ್ದು, ಒಂದು ದಿನ ಬಸ್ಸು ಹಿಡಿದು ಬಂದು ನಮ್ಮ ಬಾಗಿಲಲ್ಲಿ ನಿಂತರು.

"ಡಾಕ್ಟ್ರಮ್ಮ, ನಮ್ಮವ್ವ ಕೊಟ್ಟ ಬಳ್ಳಿ ನನ್ನ ಕಣ್ಮುಂದೆ ಕಡಿದು ಹೋಗಬಾರ್ದು ನೋಡ್ರಿ. ನಾಗಿದು ಒಂದೇ ಒಂದು ಹೆಣ್ಣುಗರ ಬಂದ್ರೆ ಸಾಕು. ಯಾರ ಹೊಟ್ಟೆಯಿಂದಾದ್ರೂ ಬರ್ಲಿ" ಅಂದರು.

ಹೀಗೆ ಕೇಳಿದವರಿಗೆ ಇಲ್ಲ ಅನ್ನುವುದು ನನಗೆ ಬರುವುದಿಲ್ಲ. ಅಂಡಾಣು ನಾಗಿಯದು, ಹೊರುವುದಕ್ಕೆ ಅವರ ಮನೆಯದೇ ಎಳೆ ಎಮ್ಮೆ. ಸಂತೇಬೆನ್ನೂರು ಕಡೆಯಿಂದ ಹೊಸದಾಗಿ ತಂದದ್ದು. ಎಲ್ಲ ಕೂಡಿಬಂದಿತ್ತು.

ಅಂಡಾಣು ತೆಗೆಯುವ ದಿನ ನಾವು ಹೊತ್ತು ಮೂಡುವ ಮುಂಚೆ ಸಾಸ್ವೆಹಳ್ಳಿಯಲ್ಲಿರುತ್ತಿದ್ದೆವು. ನಾಗಿಯನ್ನು ಮೈತೊಳೆದು, ಕೊಂಬಿಗೂ ಮೈಗೂ ಎಣ್ಣೆ ಹಚ್ಚಿ, ಕುತ್ತಿಗೆಗೆ ಹೂವಿನ ಸರ ಹಾಕಿ ನಿಲ್ಲಿಸಿರುತ್ತಿದ್ದರು. ಕಬ್ಬಿಣದ ಚೌಕಟ್ಟಿನೊಳಗೆ ನಿಲ್ಲಿಸಿ, ಬಾಲದ ಬುಡಕ್ಕೆ ಮರಗಟ್ಟುವ ಸೂಜಿ ಕೊಟ್ಟು, ಒಂದು ಕೈಯನ್ನು ಗುದದ್ವಾರದೊಳಗೆ ಹಾಕಿ ಅಂಡಾಶಯವನ್ನು ಹಿಡಿದುಕೊಳ್ಳಬೇಕು. ಇನ್ನೊಂದು ಕೈಯಲ್ಲಿ ಸ್ಕ್ಯಾನಿಂಗಿನ ಕೋಲು, ಅದರೊಳಗೆ ಉದ್ದನೆಯ ಸೂಜಿ. ಪರದೆಯ ಮೇಲೆ ಅಂಡಾಶಯದ ನೀರುಗುಳ್ಳೆಗಳು ಕಪ್ಪು ಬೊಟ್ಟುಗಳಾಗಿ ಕಾಣುತ್ತವೆ. ಒಂದೊಂದನ್ನೇ ಚುಚ್ಚಿ ಮೆಲ್ಲಗೆ ಹೀರಿದರೆ ನೀರಿನ ಜೊತೆ ಅಂಡಾಣು ಬಿಸಿ ಕೊಳವೆಗೆ ಬಂದು ಬೀಳುತ್ತದೆ. ಬಂದರೆ ಬಂತು, ಇಲ್ಲದಿದ್ದರೆ ಬರೀ ನೀರು. ನಾಗಿ ಇಷ್ಟಕ್ಕೂ ತಲೆ ಕೊಡವದೆ ನಿಂತಿರುತ್ತಿದ್ದಳು. ಅಂಡಾಣುಗಳನ್ನು ಎಮ್ಮೆಯ ಮೈಶಾಖದಲ್ಲೇ ಇಡುವ ಸಣ್ಣ ಪೆಟ್ಟಿಗೆಯನ್ನು ಜೀಪಿನ ಬ್ಯಾಟರಿಗೆ ಸಿಕ್ಕಿಸಿ, ಸೂಳೆಕೆರೆ ಏರಿಯ ಹತ್ತಿರ ಗಾಳಿಗೆ ಮುಖ ಕೊಡುವುದಕ್ಕೂ ನಿಲ್ಲದೆ ಚನ್ನಗಿರಿಗೆ ಬರುತ್ತಿದ್ದೆವು.

ಅಂಡಾಣು ಅಂದರೆ ಬರಿಗಣ್ಣಿಗೆ ಕಂಡೂ ಕಾಣದ ಒಂದು ಚುಕ್ಕೆ. ಅದರ ಸುತ್ತ ಪೋಷಕ ಕೋಶಗಳ ದಟ್ಟ ಗುಂಪು. ಅವೇ ಅದಕ್ಕೆ ತುತ್ತು ಕೊಡುವವು. ಎಣ್ಣೆಯ ಕೆಳಗಿನ ಹನಿಯಲ್ಲಿ ಒಂದು ದಿನದ ಮಟ್ಟಿಗೆ ಬೆಚ್ಚಗಿಟ್ಟರೆ ಆ ಗುಂಪು ಅರಳುತ್ತದೆ, ಅಂಡಾಣು ಮಾಗುತ್ತದೆ. ಆಮೇಲೆ ವೀರ್ಯ ಸೇರಿಸಬೇಕು. ನಾಗಿಯವು ಚೆನ್ನಾಗಿಯೇ ಮಾಗುತ್ತಿದ್ದವು. ನೋಡಲು ಒಂದಕ್ಕಿಂತ ಒಂದು ಚೆಂದ. ಎಡವುತ್ತಿದ್ದದ್ದು ಆಮೇಲೆ.

ನಾನು ಮೊದಲು ದ್ರಾವಣವನ್ನು ಬೈದೆ. ಹೊಸದು ತಯಾರಿಸಿದೆ. ಎಣ್ಣೆ ಬದಲಾಯಿಸಿದೆ. ಗ್ಯಾಸಿನ ಸಿಲಿಂಡರ್ ಬದಲಾಯಿಸಿದೆ, ಬೇರೆ ಕೋಣದ ವೀರ್ಯ ತರಿಸಿದೆ. ನಮ್ಮ ತಂತ್ರಜ್ಞೆ, ಹೊನ್ನಾಳಿಯ ಹುಡುಗಿ, ಮಾತು ಕಡಿಮೆ. ನಾನು ಹೇಳಿದ್ದನ್ನೆಲ್ಲ ಮಾಡುತ್ತ, ಹೇಳದಿದ್ದ ಕಡೆಯೂ ಒರೆಸುತ್ತ ಓಡಾಡಿದಳು. ಡ್ರೈವರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದವನು, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದಂಗೆ ಆಗ್ತೈತಲ್ರೀ ಮೇಡಂ" ಅಂದ. ನ್ಯಾಮತಿಯವನು, ಗಾದೆ ಇಲ್ಲದೆ ಗೇರ್ ಹಾಕುವವನಲ್ಲ.

ಅವನ ಮಾತು ನಿಜವೇ ಆಗಿತ್ತು. ಕಸಾಯಿಖಾನೆಯಿಂದ ತಂದ ಬೇರೆ ಎಮ್ಮೆಗಳ ಅಂಡಾಣುಗಳನ್ನು ಅದೇ ದ್ರಾವಣ, ಅದೇ ಇನ್‌ಕ್ಯುಬೇಟರಿನಲ್ಲಿ ಇಟ್ಟಾಗ ಅವು ದಿನ ತುಂಬಿ ದುಂಡಗೆ ಭ್ರೂಣವಾದವು. ಕೆಟ್ಟದ್ದು ನಮ್ಮ ಕೋಣೆಯಲ್ಲಿರಲಿಲ್ಲ.

ಫೋನಿನಲ್ಲಿ ನಮ್ಮ ಹಿರಿಯ ವಿಜ್ಞಾನಿಗಳು, "ವಯಸ್ಸಾಗಿದೆ ಕಣಮ್ಮ ಆ ಎಮ್ಮೆಗೆ. ಬೇರೆ ಎಮ್ಮೆ ನೋಡಿ" ಅಂದರು. ಪಟ್ಟಿಯಲ್ಲಿ ಬೇರೆ ಎಮ್ಮೆಗಳೇನೋ ಇದ್ದವು. ಸಾಸ್ವೆಹಳ್ಳಿಯ ಆ ಮನೆಗೆ ಬೇರೆ ನಾಗಿ ಇರಲಿಲ್ಲ. ನಾನು ಹಟ ಹಿಡಿದೆ.

ಇಲ್ಲಿ ಸ್ವಲ್ಪ ನಮ್ಮ ಶಾಸ್ತ್ರ ಹೇಳಬೇಕು. ವೀರ್ಯಾಣು ಒಳಹೊಕ್ಕ ಕೂಡಲೇ ಅಂಡಾಣುವಿನಲ್ಲಿ ಕ್ಯಾಲ್ಸಿಯಂ ಉಕ್ಕುತ್ತದೆ. ಮಾಗುವಾಗ ಅದು ತನ್ನೊಳಗಿನ ಉಗ್ರಾಣದಲ್ಲಿ ಕ್ಯಾಲ್ಸಿಯಂ ತುಂಬಿಟ್ಟುಕೊಂಡಿರುತ್ತದೆ. ಅದು ಒಮ್ಮೆಲೇ ಹೊರಬಂದು, ಮತ್ತೆ ಒಳಗೆ ಹೋಗಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಉಕ್ಕುತ್ತದೆ. ಹೀಗೆ ಗಂಟೆಗಟ್ಟಲೆ ನಡೆಯಬೇಕು. 'ಏಳು, ಬೆಳೆ' ಎಂದು ಅಂಡಾಣುವಿಗೆ ಬರುವ ಕರೆ ಅದೇ. ಒಮ್ಮೆ ಕರೆದರೆ ಸಾಲದು. ಹೊರಬಂದ ಕ್ಯಾಲ್ಸಿಯಂ ತಾನಾಗಿ ವಾಪಸು ಹೋಗುವುದಿಲ್ಲ. ತೋಟದ ಮೋಟಾರು ನೀರೆತ್ತಿ ಟ್ಯಾಂಕಿಗೆ ತುಂಬಿಸಿದ ಹಾಗೆ ಪಂಪುಗಳು ಅದನ್ನು ಒಳಗೆ ತಳ್ಳಬೇಕು. ಆ ಮೋಟಾರಿಗೆ ಕರೆಂಟು ಕೋಶದ ಪವರ್‌ಹೌಸುಗಳಾದ ಮೈಟೊಕಾಂಡ್ರಿಯಾಗಳದ್ದು. ಕ್ಯಾಲ್ಸಿಯಂ ಸೋಕಿದರೆ ಹಸಿರಾಗಿ ಹೊಳೆಯುವ ಒಂದು ಬಣ್ಣವಿದೆ. ಅದನ್ನು ಉಣಿಸಿದ ಅಂಡಾಣುವಿನಲ್ಲಿ ಈ ಉಕ್ಕುವಿಕೆಯನ್ನು ಕಣ್ಣಾರೆ ನೋಡಬಹುದು.

ಕಷ್ಟ ಏನೆಂದರೆ ಬಣ್ಣ ಉಣಿಸಿದ ಅಂಡಾಣು ಮತ್ತೆ ಭ್ರೂಣಕ್ಕೆ ಒದಗುವುದಿಲ್ಲ. ನಾಗಿಯಿಂದ ಸಿಗುತ್ತಿದ್ದದ್ದೇ ಬೆರಳಲ್ಲಿ ಎಣಿಸುವಷ್ಟು. ಅದೂ ಸಲದಿಂದ ಸಲಕ್ಕೆ ಇಳಿಯುತ್ತಿತ್ತು. ಆದರೂ ಒಂದು ಸಲದ ಅಂಡಾಣುಗಳನ್ನು ಪೂರ್ತಿ ಬಣ್ಣಕ್ಕೆ ಕೊಟ್ಟುಬಿಟ್ಟೆ. ಕುರುಡಾಗಿ ಹತ್ತು ಸಲ ಸೋಲುವುದಕ್ಕಿಂತ ಒಂದು ಸಲ ಕಣ್ಣು ಬಿಟ್ಟು ಸೋಲುವುದು ಮೇಲು ಅನ್ನಿಸಿತ್ತು.

ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ ಕೋಣೆಯಲ್ಲಿ ನಾನೂ ತಂತ್ರಜ್ಞೆಯೂ ಕೂತೆವು. ಮೊದಲು ಕಸಾಯಿಖಾನೆಯ ಅಂಡಾಣುಗಳು. ಹಸಿರು ಉಕ್ಕಿತು, ಇಳಿಯಿತು. ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಉಕ್ಕಿತು. ಊಟ ಮುಗಿಸಿ ಬಂದರೂ ನಡೆದೇ ಇತ್ತು. ಆಮೇಲೆ ನಾಗಿಯವು. ಮೊದಲನೆಯ ಉಕ್ಕು ಜೋರಾಗಿಯೇ ಬಂತು. ತಂತ್ರಜ್ಞೆ ಚಪ್ಪಾಳೆ ತಟ್ಟಿಬಿಟ್ಟಳು. ಎರಡನೆಯದು ಅರ್ಧ. ಮೂರನೆಯದು ಬಂತೋ ಇಲ್ಲವೋ ಎಂದು ನಾವಿಬ್ಬರೂ ವಾದ ಮಾಡುವಷ್ಟು ಮಂಕು. ಆಮೇಲೆ ಏನೂ ಇಲ್ಲ.

"ಮೇಡಂ, ಮೋಟಾರ್ ಸುಟ್ಟೈತಾ?" ಅಂದಳು.

"ಮೋಟಾರ್ ಐತೆ ಕಣೆ. ಕರೆಂಟ್ ಇಲ್ಲ" ಅಂದೆ. ಹೇಳಿದ ಮೇಲೆ ನನಗೇ ಹೊಳೆಯಿತು. ನಮ್ಮ ಕೋಣೆಯಲ್ಲಿ ಅವು ಇರುವುದು ಒಂದೆರಡು ದಿನ. ಅಂಡಾಣು ಬೆಳೆಯುವುದು ಎಮ್ಮೆಯ ಹೊಟ್ಟೆಯಲ್ಲಿ, ತಿಂಗಳುಗಟ್ಟಲೆ. ಶಕ್ತಿ ಕುಂದಿಸಿಕೊಂಡೇ ಅವು ನಮ್ಮಲ್ಲಿಗೆ ಬರುತ್ತಿವೆ. ಹಾಗಾದರೆ ನೋಡಬೇಕಾದದ್ದು ತಟ್ಟೆಯನ್ನಲ್ಲ, ನಾಗಿಯನ್ನು.

ಅಂಡಾಣು ತೆಗೆಯುವ ದಿನವಲ್ಲದ ಒಂದು ಮಧ್ಯಾಹ್ನ, ಹೇಳದೆ ಕೇಳದೆ ಸಾಸ್ವೆಹಳ್ಳಿಗೆ ಹೋದೆ. ಎಣ್ಣೆಯಿಲ್ಲ, ಹೂವಿಲ್ಲ. ನಾಗಿ ಖಾಲಿ ಗೋದಲಿಯ ಮುಂದೆ ನಿಂತಿದ್ದಳು. ಪಕ್ಕದ ಎಳೆ ಎಮ್ಮೆ ಹಸಿ ಜೋಳದ ಸೊಪ್ಪನ್ನು ಕರಕರ ಅಗಿಯುತ್ತಿತ್ತು. ಅದು ಕಾಣದಿರಲೆಂದು ನಾಗಿಯನ್ನು ಗೋಡೆಗೆ ಮುಖ ಮಾಡಿ ಕಟ್ಟಿದ್ದರು. ಹೂವಿನ ಸರವಿಲ್ಲದ ಕುತ್ತಿಗೆ, ಎಣ್ಣೆಯಿಲ್ಲದ ಪಕ್ಕೆ ಎರಡೂ ಈಗ ಇದ್ದ ಹಾಗೆ, ಎಲುಬೆದ್ದು ಕಂಡವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ನಾವು ಇಷ್ಟು ದಿನ ನೋಡಿದ್ದು ಜುಟ್ಟನ್ನು. ಇಳಿದ ಮೈಯನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಕೊಂಡಿದ್ದೆವು.

ಹಿರಿಯಾಕೆ ಸಂಭ್ರಮದಿಂದ ಹೊರಬಂದರು. "ಬರ್ರಿ ಡಾಕ್ಟ್ರಮ್ಮ, ಸರಿಯಾದ ಹೊತ್ತಿಗೆ ಬಂದೀರಿ, ಎಲೆ ಹಾಕ್ತೀನಿ, ಉಣ್ರಿ."

ಬಿಸಿ ರೊಟ್ಟಿ, ಹೆಸರುಕಾಳು ಪಲ್ಯ, ಕೆನೆ ಮೊಸರು. ನಾನು ತಿನ್ನುವ ವಿಷಯದಲ್ಲಿ ಎಂದೂ ಮುನಿಸಿಕೊಂಡವಳಲ್ಲ. "ನೀವೂ ಕೂತ್ಕಳ್ರಿ ಅವ್ವ" ಅಂದೆ.

"ನಂದು ಒಪ್ಪತ್ತು ಐತ್ರಿ. ಸಂಜೆ ದೀಪ ಹಚ್ಚಿದ ಮ್ಯಾಲೇ ಉಣ್ಣೋದು. ಊರಮ್ಮಗೆ ಹರಕೆ ಹೊತ್ತೀನಿ. ನಾಗಿ ಹೆಣ್ಣುಗರ ನೆಲಕ್ಕೆ ಬೀಳೋತನ್ಕ."

"ಸರಿ. ನಾಗಿಗೆ ಯಾಕೆ ಮೇವಿಲ್ಲ?"

ಆಕೆ ನನ್ನನ್ನೇ ವಿಚಿತ್ರವಾಗಿ ನೋಡಿದರು. "ನಾಗಿದೂ ಒಪ್ಪತ್ತೇ ಅಲ್ಲೇನ್ರಿ! ಅವಳ ಕರ ಬೇಕು ಅಂತ ನಾನೊಬ್ಳೇ ಹರಕೆ ಹೊತ್ರೆ ಹೆಂಗಾಗ್ತೈತೆ? ಇಬ್ರೂ ಸೇರೇ ಹಿಡಿದೀವಿ. ಸಂಜೆ ನಂಗೆ ಒಂದು ರೊಟ್ಟಿ, ಅವಳಿಗೆ ಒಂದು ಹಿಡಿ ಒಣಹುಲ್ಲು. ನೀವೂ ಬೆಳಿಗ್ಗೆ ಬರೋವಾಗ ಹೊಟ್ಟೆ ಖಾಲಿ ಇರ್ಲಿ ಅಂತ ಹೇಳ್ತಿದ್ರಲ್ಲ?"

ಸೂಜಿ ಚುಚ್ಚುವ ದಿನ ಬೆಳಗಿನ ಮೇವು ಬೇಡ ಅಂದದ್ದು ನಿಜ. ಅದು ಊರಮ್ಮನ ಕೃಪೆಯಿಂದ ತಿಂಗಳುಗಟ್ಟಲೆ ಚಾಚಿಕೊಂಡಿತ್ತು. ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಎದ್ದು ಹೋಗಿ ನಾಗಿ ಉಚ್ಚೆ ಹೊಯ್ಯುವವರೆಗೆ ಕಾದು ಕೆಟೋನು ತೋರಿಸುವ ಪರೀಕ್ಷೆಯ ಪಟ್ಟಿ ಅದ್ದಿದೆ. ಕಡು ನೇರಳೆ ಬಣ್ಣಕ್ಕೆ ತಿರುಗಿತು. ಹೊರಗಿನಿಂದ ಮೇವಿಲ್ಲದಾಗ ಮೈ ತನ್ನ ಕೊಬ್ಬನ್ನೇ ಕರಗಿಸಿ ಉಣ್ಣುತ್ತದೆ ಎಂಬುದರ ಗುರುತು ಅದು. ಆ ಕೊಬ್ಬು ರಕ್ತದಿಂದ ಅಂಡಾಣು ಬೆಳೆಯುವ ನೀರಿಗೂ ಇಳಿಯುತ್ತದೆ, ಅಲ್ಲಿ ಮೈಟೊಕಾಂಡ್ರಿಯಾಗಳ ಶಕ್ತಿ ಕುಂದಿಸುತ್ತದೆ. ನಮ್ಮ ಮೋಟಾರಿನ ಕರೆಂಟು ಹೋದದ್ದು ಇಲ್ಲಿ.

ನನಗೆ ಸಿಟ್ಟು ಬರಬೇಕಾಗಿತ್ತು, ಬಂದದ್ದು ನಗು. ತಡೆಯಲಾಗದೆ ಕೊಟ್ಟಿಗೆಯ ಕಂಬ ಹಿಡಿದು ನಕ್ಕೆ. ಆಕೆಯ ಮುಖ ಸಣ್ಣದಾದದ್ದು ಕಂಡು ಬಾಯಿ ಮುಚ್ಚಿಕೊಂಡೆ. ಮೆಲ್ಲಗೆ ಹೇಳಿದೆ, ನಾಗಿ ಹಸಿದಿದ್ದರೆ ಅವಳ ಹೊಟ್ಟೆಯ ಅಂಡಾಣುವೂ ಹಸಿದಿರುತ್ತದೆ, ಹಸಿದದ್ದಕ್ಕೆ ಎದ್ದು ಬೆಳೆಯುವ ಶಕ್ತಿ ಬರುವುದಿಲ್ಲ ಎಂದು.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅಯ್ಯೋ ನಮ್ಮವ್ವ. ಅವಳು ನನ್ನ ಮುಖ ನೋಡಿದ್ರೆ ನಂಗೆ ತುತ್ತು ಇಳೀತಿರಲಿಲ್ರೀ. ಆದ್ರೂ ಗಟ್ಟಿ ಮನಸ್ಸು ಮಾಡಿದ್ದೆ." ಆದರೆ ಹರಕೆ ಮುರಿಯುವ ಮಾತು ಬಂದಾಗ ತಲೆ ಅಲ್ಲಾಡಿಸಿದರು. "ಹೊತ್ತ ಹರಕೆ ಅರ್ಧಕ್ಕೆ ಇಳಿಸಾಕೆ ಬರಾಕಿಲ್ಲ."

ನಾನೂ ಹಳ್ಳಿಯವಳೇ. ಕೆಟೋನು, ಕೊಬ್ಬಿನಾಮ್ಲ ಎಲ್ಲ ಬದಿಗಿಟ್ಟು ಕೇಳಿದೆ, "ಅವ್ವ, ಊರಮ್ಮನ ಮುಂದೆ ನಿಂತು ಬಾಯಿಬಿಟ್ಟು ಹರಕೆ ಹೇಳಿದ್ದು ಯಾರು?"

"ನಾನೇ."

"ನಾಗಿ ಹೇಳಿದ್ಲಾ?"

"ಎಮ್ಮೆ ಎಲ್ಲಿ ಹೇಳ್ತೈತ್ರಿ."

"ಮತ್ತೆ ಇನ್ನೊಬ್ಬರ ಹೊಟ್ಟೆ ಮ್ಯಾಲೆ ನೀವು ಹೆಂಗೆ ಹರಕೆ ಹೊತ್ರಿ? ನನ್ನ ಕೇಳದೆ ನನ್ನ ಹೆಸರಲ್ಲಿ ನಮ್ಮತ್ತೆ ಉಪವಾಸ ಹೇಳಿದ್ರೆ ನಾನು ಬಿಡ್ತಿದ್ನಾ?"

ಆಕೆ ಎದ್ದು ಊರಮ್ಮನ ಗುಡಿಗೆ ಹೋಗಿ ಬರುತ್ತೇನೆಂದು ಹೋದರು. ನಾನು ಉಳಿದ ರೊಟ್ಟಿ ಮುಗಿಸಿದೆ. ವಾಪಸು ಬಂದಾಗ ನಡಿಗೆಯೇ ಬೇರೆ ಇತ್ತು.

"ತಪ್ಪುಗಾಣಿಕೆ ಹಾಕಿ ಬಂದೆ. ನಾಗಿ ಪಾಲಿನ ಹರಕೆ ನಾನೇ ಹೊರ್ತೀನಿ ಅಂತ ಹೇಳಿ ಬಂದೀನಿ."

"ನೀವು ಪೂರ್ತಿ ಉಪವಾಸ ಕೂತ್ರೆ ನಾನು ಈ ಕೆಲಸಾನೇ ಮಾಡಾಕಿಲ್ಲ ನೋಡ್ರಿ!"

"ಉಪವಾಸ ಅಲ್ರೀ. ಎಲೆಅಡಿಕೆ ಬಿಟ್ಟೀನಿ."

ಮನೆಯವರೆಲ್ಲ ಬೆಚ್ಚಿಬಿದ್ದರು. ಆಕೆ ಊಟ ಬಿಡಬಹುದು, ಎಲೆಅಡಿಕೆ ಬಿಡುವುದನ್ನು ಯಾರೂ ಕನಸಲ್ಲೂ ಕಂಡಿರಲಿಲ್ಲ. ಮುಂದಿನ ದಿನಗಳಲ್ಲಿ ಆ ಮನೆಯ ಸೊಸೆ ಫೋನ್ ಮಾಡಿ, "ಡಾಕ್ಟ್ರೇ, ಬೇಗ ಏನಾದ್ರೂ ಮಾಡ್ರಿ, ನಮ್ಮತ್ತೆ ಮುಂದೆ ನಿಲ್ಲಾಕೆ ಆಗ್ತಿಲ್ಲ" ಅಂತ ಗೋಳಾಡುತ್ತಿದ್ದಳು.

ಬೇಗ ಮಾಡುವ ಹಾಗಿರಲಿಲ್ಲ. ಆ ದಿನವೇ ನಾನು ನಿರ್ಧಾರ ಮಾಡಿದ್ದೆ, ನಾಗಿಯ ಮೈ ಕೂಡಿಕೊಳ್ಳುವವರೆಗೆ ಒಂದು ಅಂಡಾಣುವನ್ನೂ ತೆಗೆಯುವುದಿಲ್ಲ ಎಂದು. ಚೆನ್ನಾಗಿ ಉಂಡ ಮೈಯಲ್ಲಿ ಹೊಸದಾಗಿ ಬೆಳೆದದ್ದೇ ಬೇಕು. ಹಿರಿಯ ವಿಜ್ಞಾನಿಗಳು ಫೋನಿನಲ್ಲೇ ರೇಗಿದರು. ಬೇಸಿಗೆ ಬಂದರೆ ಎಮ್ಮೆಗಳು ಬೆದೆಗೆ ಬರುವುದಿಲ್ಲ, ಹೊರುವ ಎಮ್ಮೆಯೂ ಸಿದ್ಧವಾಗುವುದಿಲ್ಲ, ನಾಗಿಯ ಅಂಡಾಶಯ ದಿನದಿನಕ್ಕೆ ಬರಿದಾಗುತ್ತಿದೆ, ಈಗ ನಿಲ್ಲಿಸಿದರೆ ಇನ್ನೊಂದು ಸುಗ್ಗಿ ಅವಳಿಗೆ ಇರಲಾರದು. ಪ್ರತಿಯೊಂದು ಮಾತೂ ಸರಿ. ನನಗೂ ಹೆದರಿಕೆಯಾಗಿತ್ತು. ಆದರೆ ಹಸಿದ ಅಂಡಾಣು ನೂರು ಇದ್ದರೂ ಅದರಿಂದ ಕರು ಆಗುವುದಿಲ್ಲವಲ್ಲ. "ಕಾಯ್ತೀನಿ ಸರ್" ಅಂದೆ.

ಹಸಿ ಜೋಳದ ಸೊಪ್ಪು, ಹಿಂಡಿ, ನೆನೆಸಿದ ಹುರುಳಿ, ಬೆಲ್ಲದ ನೀರು. ಒಮ್ಮೆಲೇ ಸುರಿಯಬೇಡಿ, ಹೊಟ್ಟೆ ಉಬ್ಬುತ್ತದೆ, ಮೆಲ್ಲಗೆ ಏರಿಸಿ ಎಂದು ಹೇಳಿಕೊಟ್ಟೆ. ನಾಗಿಯನ್ನು ಗೋಡೆಯಿಂದ ತಿರುಗಿಸಿ ಕಟ್ಟಿದರು. ವಾರಕ್ಕೊಮ್ಮೆ ಹೋಗಿ ಪಟ್ಟಿ ಅದ್ದುತ್ತಿದ್ದೆ. ನೇರಳೆ ತಿಳಿಯಾಯಿತು, ಆಮೇಲೆ ಮಾಯವಾಯಿತು. ಪಕ್ಕೆಲುಬು ಮುಚ್ಚಿಕೊಂಡವು. ಕೊನೆಗೆ ನಾಗಿ ನನ್ನನ್ನು ಕಂಡರೆ ಕೊಂಬು ಬೀಸುವಷ್ಟು ಕೊಬ್ಬಿದಳು. ಆಗ ಹೊತ್ತು ಬಂತು ಅಂದುಕೊಂಡೆ.

ಚಳಿ ಮುಗಿಯುತ್ತಿರುವಾಗ ಮತ್ತೆ ಸೂಜಿ ಹಿಡಿದೆ. ಅಂಡಾಣುಗಳು ಹೆಚ್ಚೇನೂ ಸಿಗಲಿಲ್ಲ, ಹಿಂದಿನಷ್ಟೇ. ಎರಡನ್ನು ಮಾತ್ರ ಬಣ್ಣಕ್ಕೆ ಎತ್ತಿಟ್ಟು ಉಳಿದವನ್ನು ಭ್ರೂಣಕ್ಕೆ ಬಿಟ್ಟೆ. ಬಣ್ಣದ ದಿನ ಹಿರಿಯಾಕೆಯನ್ನೂ ಜೀಪಿನಲ್ಲಿ ಕರೆತಂದಿದ್ದೆವು. ಕತ್ತಲೆ ಕೋಣೆಯಲ್ಲಿ ಪರದೆಯ ಮುಂದೆ ಕೂರಿಸಿ, "ಇದು ನಾಗಿದು" ಅಂದೆ. ಆಕೆ ಕೈಮುಗಿದು ಕೂತರು.

ಹಸಿರು ಉಕ್ಕಿತು, ಇಳಿಯಿತು. ನಾನು ನೆಮ್ಮದಿಪಡಲಿಲ್ಲ, ಮೊದಲನೆಯದು ಹೋದ ಸಲವೂ ಬಂದಿತ್ತಲ್ಲ. ಎರಡನೆಯದು ಬಂತು, ಪೂರ್ತಿ ಬಂತು. ಮೂರನೆಯದು. ತಂತ್ರಜ್ಞೆ ನನ್ನ ತೋಳು ಚಿವುಟಿದಳು. ನಾಲ್ಕನೆಯದಕ್ಕೆ ನಾನು ಎದ್ದು ನಿಂತು ಕುಣಿದೆ. ಜಾಗ ಸಾಲದೆ ಸ್ಟೂಲು ಉರುಳಿತು.

"ಇನ್ನೊಂದ್ ಸಲ ಬರ್ತೈತೇನ್ರಿ?" ಆಕೆ ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು.

"ಬರ್ತೈತೆ, ತಡೀರಿ."

ಬಂತು. ಆಮೇಲೆ ಆಕೆಯನ್ನು ಎಬ್ಬಿಸುವುದೇ ಕಷ್ಟವಾಯಿತು. "ಇನ್ನೊಂದ್ ನೋಡ್ತೀನಿ" "ಇನ್ನೊಂದೇ" ಅನ್ನುತ್ತ ಸಂಜೆಯ ಬಸ್ಸನ್ನೂ ಬಿಟ್ಟರು. ಡ್ರೈವರ್ ಗೊಣಗದೆ ಸಾಸ್ವೆಹಳ್ಳಿಗೆ ಬಿಟ್ಟು ಬಂದ.

ಬಣ್ಣಕ್ಕೆ ಕೊಡದ ಅಂಡಾಣುಗಳು ಎರಡಾದವು, ನಾಲ್ಕಾದವು, ಎಂಟಾದವು. ಎಲ್ಲ ಅಲ್ಲ. ಕೆಲವು ನಡುದಾರಿಯಲ್ಲಿ ಉಳಿದವು. ಕೊನೆಗೆ ಒಂದೇ ಒಂದು ತುಂಬಿದ ಭ್ರೂಣವಾಗಿ ದುಂಡಗೆ ಹಿಗ್ಗಿತು. ಅದನ್ನು ಎಳೆ ಎಮ್ಮೆಯ ಗರ್ಭಕೋಶಕ್ಕೆ ಸೇರಿಸುವಾಗ ನನ್ನ ಕೈ ನಡುಗದಿರಲೆಂದು ಆ ದಿನ ಚಹಾ ಕುಡಿಯಲಿಲ್ಲ. ಮುಂದೆ ಸ್ಕ್ಯಾನಿಂಗಿನಲ್ಲಿ ಪುಟ್ಟ ಎದೆಬಡಿತ ಕಂಡಾಗ ಕೊಟ್ಟಿಗೆಯಲ್ಲಿದ್ದವರೆಲ್ಲ ಒಟ್ಟಿಗೆ ಮಾತಾಡಿದೆವು, ಯಾರು ಏನು ಅಂದರೋ ಗೊತ್ತಿಲ್ಲ. ಹೆಣ್ಣೋ ಗಂಡೋ ಎಂದು ನಾನು ನೋಡಲೂ ಇಲ್ಲ, ಆಕೆ ಕೇಳಲೂ ಇಲ್ಲ.

ದಿನ ತುಂಬಿ ಒಂದು ಬೆಳಿಗ್ಗೆ ಫೋನ್ ಬಂತು. ಸೊಸೆಯ ಧ್ವನಿ. "ಹೆಣ್ಣು!" ಅಂದಳು, ಫೋನ್ ಇಟ್ಟುಬಿಟ್ಟಳು. ಜೀಪಿನಲ್ಲಿ ಕೂತು ನಾನು ಗಟ್ಟಿಯಾಗಿ ಅತ್ತೆ, ಡ್ರೈವರ್ ಒಂದು ಗಾದೆಯನ್ನೂ ಹೇಳದೆ ಗಾಡಿ ಓಡಿಸಿದ.

ನಾವು ಹೋದಾಗ ಎಳೆ ಎಮ್ಮೆ ಕರುವನ್ನು ನೆಕ್ಕಿ ನೆಕ್ಕಿ ಒಣಗಿಸಿತ್ತು. ಕರಿ ಮಿಂಚಿನ ಮೈ, ನಡುಗುವ ಕಾಲು. ಹಿರಿಯಾಕೆ ಅದನ್ನು ಎರಡು ಕೈಯಲ್ಲಿ ಎತ್ತಿಕೊಂಡು ನಾಗಿಯ ಹತ್ತಿರ ನಡೆದರು. ನಾವೆಲ್ಲ ಹಿಂದೆಯೇ ಹೋದೆವು. ನಾಗಿ ತಲೆ ಎತ್ತಿದಳು. ಕರುವನ್ನು ಒಂದು ಸಲ ಮೂಸಿದಳು. ಆಮೇಲೆ ಮುಖ ತಿರುಗಿಸಿ, ಗೋದಲಿಯಲ್ಲಿದ್ದ ಸೊಪ್ಪಿಗೆ ಬಾಯಿ ಹಾಕಿದಳು.

ಹಿರಿಯಾಕೆ ನಕ್ಕರು. "ಹೊತ್ತಿಲ್ಲ, ಹೆತ್ತಿಲ್ಲ. ಪಾಪ, ಅವಳಿಗೆ ಹೆಂಗೆ ಗೊತ್ತಾಗ್ತೈತ್ರಿ?" ಅಂದರು. ನೆಲದ ಮೇಲೆ ಕೂತು, ಕರುವನ್ನು ತೊಡೆಯ ಮೇಲೆ ಹಾಕಿಕೊಂಡು, ಅದರ ಒದ್ದೆ ಕಿವಿಗೆ ಬಾಯಿ ತಂದರು.

"ನೀನು ಇಲ್ಲಿ ಕೇಳವ್ವ. ನಿಮ್ಮವ್ವ ಯಾರು, ಅವಳವ್ವ ಯಾರು, ನಮ್ಮವ್ವ ಯಾರು, ಎಲ್ಲಾ ನಾನು ಹೇಳ್ತೀನಿ."